ಊರ ಹಂಬಲವೂ ಇಂಗ್ಲಿಷ್ ಪಾಠವೂ

ಪರಸ್ಥಳದಲ್ಲಿರುವವನ ಮನಸ್ಸು ಊರ ಕಡೆಗೆ ಎಳೆಯುವುದನ್ನು ಇಂಗ್ಲಿಷರು ಒಂದು ಕಾಯಿಲೆಯ ಹೆಸರಿನಿಂದ ಕರೆಯುತ್ತಾರೆ. ಅವರ ‘ಹೋಮ್‌ಸಿಕ್’ ಎಂಬ ಮಾತಿನಲ್ಲಿ ಮನೆಯೂ ಇದೆ, ರೋಗವೂ ಇದೆ. ನಮ್ಮಲ್ಲಿ ಇದಕ್ಕೆ ಗೊತ್ತುಮಾಡಿದ ಒಂದೇ ಶಬ್ದವಿಲ್ಲ. ಮದುವೆಯಾಗಿ ಹೋದ ಹೆಣ್ಣುಮಗಳಿಗಾದರೆ ತವರಿನ ಹಂಬಲವೆನ್ನುತ್ತೇವೆ. ಹಾಸ್ಟೆಲು ಸೇರಿದ ಹುಡುಗನಿಗಾದರೆ ಮನೆಯ ನೆನಪು ಎನ್ನುತ್ತೇವೆ. ಮಾರಿದ ಹಸು ಹೊಸ ಕೊಟ್ಟಿಗೆಗೆ ಒಗ್ಗದೆ, ಹಗ್ಗ ಹರಿದುಕೊಂಡು ಹಳೆಯ ಯಜಮಾನನ ಅಂಗಳಕ್ಕೆ ಬಂದು ನಿಂತರೆ ‘ಅದಕ್ಕೂ ಮನೆ ಎಳೆಯುತ್ತದೆ’ ಎಂದು ಸಮಾಧಾನ ಹೇಳುತ್ತೇವೆ. ಇದನ್ನು ರೋಗವೆಂದು ನಮ್ಮವರು ಯಾರೂ ಭಾವಿಸಿದಂತೆ ಕಾಣುವುದಿಲ್ಲ.

ರೋಗವೆಂದು ಮೊದಲು ಹೆಸರಿಟ್ಟವನು ಯೊಹಾನೆಸ್ ಹೋಫರ್ ಎಂಬ ತರುಣ ವೈದ್ಯ. 1688ರಲ್ಲಿ ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿ ಮಂಡಿಸಿದ ಪ್ರಬಂಧದಲ್ಲಿ, ಮನೆಗೆ ಮರಳುವುದು ಮತ್ತು ನೋವು ಎಂಬ ಎರಡು ಗ್ರೀಕ್ ಮಾತುಗಳನ್ನು ಬೆಸೆದು ‘ನಾಸ್ಟಾಲ್ಜಿಯಾ’ ಎಂಬ ಪದವನ್ನು ಅವನು ಟಂಕಿಸಿದ. ಅದೇ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಮಿಷನ್ ಸಂಸ್ಥೆ 1834ರಲ್ಲಿ ಮಂಗಳೂರಿಗೆ ಬಂದಿತು. ಅದರ ಮೂಲಕ 1853ರಲ್ಲಿ ಫರ್ಡಿನೆಂಡ್ ಕಿಟೆಲ್ ಎಂಬ ಜರ್ಮನ್ ಪಾದ್ರಿ ನಮ್ಮ ನಾಡಿಗೆ ಬಂದರು. ಅವರ ಕನ್ನಡ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಊರಿನ ಹಂಬಲವನ್ನು ಕಾಯಿಲೆಯೆಂದು ಗುರುತಿಸಿದ ಪಟ್ಟಣವೇ, ತನ್ನ ಊರಿನಿಂದ ಅಷ್ಟು ದೂರ ಬಂದು ಪರರ ನುಡಿಗೆ ಆಯುಷ್ಯವನ್ನು ತೆತ್ತವರನ್ನೂ ಕಳಿಸಿಕೊಟ್ಟಿತು. ನಾನು ಈ ಹೊತ್ತು ಆಡಬೇಕೆಂದಿರುವುದು ಈ ಎರಡು ಸಂಗತಿಗಳ ನಡುವಣ ನಂಟನ್ನು ಕುರಿತು.

ನಾನು ಭದ್ರಾವತಿಯವನು. ನನ್ನ ತಂದೆ ಕಬ್ಬಿಣದ ಕಾರ್ಖಾನೆಯ ನೌಕರರು. ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿಗೆ ದಿನವೂ ರೈಲಿನಲ್ಲಿ ಹೋಗಿಬಂದು ಓದಿದವನು. ಅಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಪಿ. ಲಂಕೇಶರು ನಾನು ಸೇರುವ ಹೊತ್ತಿಗೆ ಬೆಂಗಳೂರಿಗೆ ಹೊರಟುಹೋಗಿದ್ದರು; ಆದರೆ ಇಂಗ್ಲಿಷ್ ಮೇಷ್ಟರಾದವರು ಕನ್ನಡದಲ್ಲಿ ಬರೆಯುವುದು ಸಹಜವಾದ ಸಂಗತಿ ಎಂಬ ಭಾವನೆಯನ್ನು ಅಂಥವರು ಆ ಕಾಲೇಜಿನ ಗಾಳಿಯಲ್ಲಿ ಬಿಟ್ಟುಹೋಗಿದ್ದರು. ಎಂ.ಎ. ಮುಗಿಸಿ, ಕೆಲವು ವರ್ಷ ಇಲ್ಲಿಯೇ ಪಾಠ ಹೇಳಿ, 1976ರಲ್ಲಿ ನಾನು ಆಫ್ರಿಕದ ಝಾಂಬಿಯಾ ದೇಶಕ್ಕೆ ಹೋದೆ. ಬ್ರಿಟಿಷರ ಆಳ್ವಿಕೆಯಿಂದ 1964ರಲ್ಲಿ ಬಿಡುಗಡೆ ಪಡೆದಿದ್ದ ಆ ದೇಶಕ್ಕೆ ಮೇಷ್ಟರು ಬೇಕಾಗಿದ್ದರು. ನಮ್ಮಲ್ಲಿ ಓದಿದ ತರುಣರಿಗೆ ಕೆಲಸ ಬೇಕಾಗಿತ್ತು. ಒಡಂಬಡಿಕೆಯ ಮೇಲೆ ಹೋದ ಭಾರತೀಯರಲ್ಲಿ ನಾನೂ ಒಬ್ಬ. ಆರು ವರ್ಷ ಅಲ್ಲಿದ್ದೆ.

ನನಗೆ ದೊರೆತದ್ದು ತಾಮ್ರದ ಗಣಿಗಳಿರುವ ಸೀಮೆಯಲ್ಲಿ ಒಂದು ಕ್ರೈಸ್ತ ಮಿಷನ್ನಿನ ಕಾಲೇಜು. ಹೆಸರು ಕಾಲೇಜಾದರೂ ನಮ್ಮ ಲೆಕ್ಕದಲ್ಲಿ ಅದು ಹೈಸ್ಕೂಲು. ಕೆಂಪು ಇಟ್ಟಿಗೆಯ ಕಟ್ಟಡಗಳು, ನಡುವೆ ಒಂದು ಪ್ರಾರ್ಥನಾಮಂದಿರ, ಅದರ ಹಿಂದೆ ಹುಡುಗರ ವಸತಿಗೃಹ, ಆಚೆಗೆ ಮೇಷ್ಟರ ಮನೆಗಳ ಸಾಲು. ಹುಡುಗರು ಒಳ್ಳೆಯವರು. ಹಿರಿಯರು ಬಂದರೆ ಬಗ್ಗಿ, ಮೆಲ್ಲಗೆ ಚಪ್ಪಾಳೆ ತಟ್ಟಿ ಗೌರವ ತೋರಿಸುವರು. ಅವರ ಊಟ ‘ನ್ಶೀಮ’. ಎಂದರೆ ಜೋಳದ ಹಿಟ್ಟಿನ ಗಟ್ಟಿ ಮುದ್ದೆ. ಅದನ್ನು ಕೈಯಲ್ಲಿ ಮುರಿದು, ಉಂಡೆ ಮಾಡಿ, ಸೊಪ್ಪಿನ ಪಲ್ಯದಲ್ಲಿ ಅದ್ದಿ ತಿನ್ನುವ ರೀತಿಯನ್ನು ಕಂಡರೆ ನಮ್ಮ ಬಯಲುಸೀಮೆಯ ಯಾವುದೋ ಮನೆಯ ಪಡಸಾಲೆಯಲ್ಲಿ ಕುಳಿತಂತೆ ಆಗುತ್ತಿತ್ತು. ಮೇಷ್ಟರ ಭೋಜನಶಾಲೆಯಲ್ಲಿ ಮಾತ್ರ ಚಾಕು, ಮುಳ್ಳುಚಮಚಗಳು ನಡೆಯುತ್ತಿದ್ದವು.

ಭೂಪಟವನ್ನು ತೆರೆದು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 14 ಡಿಗ್ರಿ ದೂರದಲ್ಲಿ ಶಿವಮೊಗ್ಗವಿದ್ದರೆ, ದಕ್ಷಿಣಕ್ಕೆ ಹೆಚ್ಚುಕಡಮೆ 13 ಡಿಗ್ರಿ ದೂರದಲ್ಲಿ ಆ ತಾಮ್ರದ ಸೀಮೆಯಿದೆ. ಒಂದು ಇನ್ನೊಂದರ ಕನ್ನಡಿಬಿಂಬದಂತಿದೆ. ಕನ್ನಡಿಯಲ್ಲಿ ಎಡ ಬಲವಾಗುವಂತೆ ಅಲ್ಲಿ ಋತುಗಳು ತಿರುಗುಮುರುಗು. ನವೆಂಬರಿನಲ್ಲಿ ಹಿಡಿದ ಮಳೆ ಮಾರ್ಚಿ, ಏಪ್ರಿಲಿನವರೆಗೆ ಸುರಿಯುತ್ತದೆ. ಜೂನ್ ತಿಂಗಳೆಂದರೆ ಚಳಿ, ಒಣ ಹವೆ, ಒಂದು ತುಣುಕು ಮೋಡವೂ ಇಲ್ಲದ ನೀಲಿ ಆಕಾಶ. ಮಲೆನಾಡಿನ ಅಂಚಿನವನಿಗೆ ಜೂನಿನಲ್ಲಿ ಮಳೆಯಿಲ್ಲವೆಂದರೆ ಪಂಚಾಂಗದ ಹಾಳೆಯೇ ಹರಿದುಹೋದಂತೆ. ರೋಹಿಣಿ ಕಳೆಯಿತು, ಮೃಗಶಿರಾ ಹುಟ್ಟಿತು, ಆರಿದ್ರಾ ಮಳೆ ಆರದೆ ಹುಯ್ಯಬೇಕು ಎಂದು ಒಳಗಿನ ಕಿವಿ ಕಾಯುತ್ತಿರುತ್ತದೆ. ಹೊರಗೆ ಬಿಸಿಲು ಥಳಥಳ ಹೊಳೆಯುತ್ತದೆ. ಅಲ್ಲಿನವರು ಅದನ್ನು ಸೊಗಸಾದ ಹವೆಯೆನ್ನುವರು. ಅದು ಸೊಗಸಾದದ್ದೇ ಹೌದು. ಆದರೂ ಆ ಆರು ಜೂನ್ ತಿಂಗಳುಗಳಲ್ಲಿ ನಾನು ಅನುಭವಿಸಿದ ಬರಡನ್ನು ಈಗಲೂ ಮರೆಯಲಾರೆ. ಭದ್ರಾವತಿಯ ಆಕಾಶವಾಣಿ ಕೇಂದ್ರ 1965ರಲ್ಲಿ ಆರಂಭವಾದಾಗ ಸಂಜೆಯಾದರೆ ಅದನ್ನು ಕೇಳುವುದು ನಮ್ಮ ಮನೆಯ ಪದ್ಧತಿಯಾಗಿತ್ತು. ಅದರ ಅಲೆ ಸಮುದ್ರ ದಾಟಿ ಬರುವಂಥದಲ್ಲವೆಂದು ತಿಳಿದಿದ್ದರೂ ಅಲ್ಲಿ ಸಂಜೆ ಹೊತ್ತು ರೇಡಿಯೋದ ಮುಳ್ಳನ್ನು ಸುಮ್ಮನೆ ತಿರುಗಿಸುತ್ತಿದ್ದೆ.

ಇದ್ದ ವ್ಯತ್ಯಾಸಗಳಿಗಿಂತ ಹೋಲಿಕೆಗಳೇ ಹೆಚ್ಚು ನೋಯಿಸುತ್ತಿದ್ದವು. ಗಣಿಯ ಪಾಳಿ ಬದಲಾಗುವಾಗ ಸೈರನ್ ಕೂಗುತ್ತಿತ್ತು. ಕಾರ್ಖಾನೆಯ ಸೈರನ್ನಿಗೆ ಎದ್ದು, ಸೈರನ್ನಿಗೆ ಉಂಡು ಬೆಳೆದ ಭದ್ರಾವತಿಯ ಹುಡುಗನಿಗೆ ಆ ಕೂಗು ಯಾವುದೆಂದು ಬೇರೆ ಹೇಳಬೇಕೆ? ಕಾಡಿನ ಅಂಚಿನಲ್ಲಿ ಅಲ್ಲಿನ ಜನ ಮರ ಸುಟ್ಟು ಇದ್ದಿಲು ಮಾಡುತ್ತಿದ್ದರು. ಆ ಹೊಗೆಯ ವಾಸನೆ ಮೂಗಿಗೆ ಬಡಿದ ದಿನ ನನಗೆ ತಂದೆಯ ಮಾತುಗಳು ನೆನಪಾದವು. ನಮ್ಮ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ತೊಡಗಿದಾಗ ಅದಿರನ್ನು ಕರಗಿಸಿದ್ದು ಕಲ್ಲಿದ್ದಲಿನಿಂದಲ್ಲ, ಮಲೆನಾಡಿನ ಕಾಡಿನ ಮರದ ಇದ್ದಿಲಿನಿಂದ. ಅದಿರು ಕೆಮ್ಮಣ್ಣುಗುಂಡಿಯದು, ನೀರು ಭದ್ರೆಯದು, ಉರಿ ಮಲೆನಾಡಿನ ಕಾಡಿನದು. ಬೆಂಕಿಪುರವೆಂಬ ಹಳೆಯ ಹೆಸರು ಊರಿಗೆ ಮೊದಲೇ ಇತ್ತು. ಕಾರ್ಖಾನೆ ಬಂದು ಅದನ್ನು ನಿಜ ಮಾಡಿತು. ಇಷ್ಟೆಲ್ಲ ಸಂಗತಿಗಳನ್ನು ನಾನು ಊರಿನಲ್ಲಿದ್ದಾಗ ಒಂದು ದಿನವೂ ಯೋಚಿಸಿದವನಲ್ಲ. ಮೂಗಿನ ಕೆಳಗಿದ್ದ ಹೊಗೆ ಯಾವುದರದೆಂದು ತಿಳಿಯುವುದಕ್ಕೆ ಸಾವಿರಾರು ಮೈಲಿ ದೂರದ ಹೊಗೆ ಬೇಕಾಯಿತು.

ಹಂಬಲ ಮೊದಲು ಮಾಡುವ ಕೆಲಸ ಇದೇ ಎಂದು ನನಗನ್ನಿಸುತ್ತದೆ. ಅದು ಊರನ್ನು ಕಣ್ಣಿಗೆ ಕಾಣಿಸುತ್ತದೆ. ದೂರದಿಂದ ನೋಡಿದಾಗ ನನ್ನ ಊರು ನನಗೆ ಹೇಗೆ ಕಂಡಿತೆಂದರೆ, ಅದು ಊರು ಬಿಟ್ಟು ಬಂದವರ ಊರಾಗಿ ಕಂಡಿತು. ಭದ್ರಾವತಿಯ ಲಕ್ಷ್ಮೀನರಸಿಂಹ ದೇವಾಲಯ ಹೊಯ್ಸಳರ ಕಾಲದ್ದು, ಅದರ ಸುತ್ತಲಿನ ಹಳೆಯ ಪೇಟೆಯೂ ಪುರಾತನವಾದದ್ದೇ. ಆದರೆ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ, ಇವುಗಳ ಸುತ್ತ ಬೆಳೆದ ಊರು ತಮಿಳರು, ತೆಲುಗರು, ಮಲೆಯಾಳಿಗಳು, ಬಯಲುಸೀಮೆಯವರು, ಕರಾವಳಿಯವರು ಬಂದು ಕಟ್ಟಿದ್ದು. ನಮ್ಮ ವಠಾರದಲ್ಲಿ ಕುಲುಮೆಯ ಕೆಲಸದ ತಮಿಳು ಮುದುಕರೊಬ್ಬರಿದ್ದರು. ಸಂಜೆ ಹೊರಗಿನ ಕಟ್ಟೆಯ ಮೇಲೆ ಕುಳಿತು ತಮ್ಮ ಊರಿನ ಬಾವಿಯ ನೀರಿನ ರುಚಿಯನ್ನು ವರ್ಣಿಸುತ್ತಿದ್ದರು. ಭದ್ರಾ ನದಿಯ ದಡದಲ್ಲಿದ್ದುಕೊಂಡು ಒಂದು ಬಾವಿಯ ನೀರಿಗಾಗಿ ಇಷ್ಟು ಕೊರಗುವುದೆ ಎಂದು ನಾವು ಹುಡುಗರು ನಗುತ್ತಿದ್ದೆವು. ನನ್ನ ಹಂಬಲದ ಊರು ಅವರಂಥ ನೂರಾರು ಜನರ ಹಂಬಲಗಳ ಮೇಲೆ ಕಟ್ಟಿದ್ದೆಂಬುದು ನನಗೆ ಹೊಳೆದದ್ದು ಝಾಂಬಿಯಾದ ಆ ಇಟ್ಟಿಗೆಯ ಮನೆಯಲ್ಲಿ, ಮೋಡವಿಲ್ಲದ ಒಂದು ಜೂನ್ ಸಂಜೆ. ಅಂದಿನಿಂದ ನನ್ನ ಸಂಕಟಕ್ಕೆ ಸ್ವಲ್ಪ ಸಂಗಾತಿಗಳು ಸಿಕ್ಕಂತಾಯಿತು.

ಇನ್ನು ಪಾಠದ ಮಾತು. ಪರದೇಶದಲ್ಲಿ ಇಂಗ್ಲಿಷ್ ಕಲಿಸುವ ಕನ್ನಡಿಗನ ಸ್ಥಿತಿ ವಿಲಕ್ಷಣವಾದದ್ದು. ಇಂಗ್ಲಿಷ್ ಅವನದಲ್ಲ, ಕಲಿಯುವವರದೂ ಅಲ್ಲ. ಡ್ಯಾಫೊಡಿಲ್ ಹೂವನ್ನು ಮೇಷ್ಟರೂ ಕಂಡಿಲ್ಲ, ಶಿಷ್ಯರೂ ಕಂಡಿಲ್ಲ. ಇಬ್ಬರೂ ಕಾಣದ ಹೂವನ್ನು ಕುರಿತು ಒಬ್ಬರು ಪ್ರಶ್ನೆ ಕೇಳಬೇಕು, ಇನ್ನೊಬ್ಬರು ಉತ್ತರ ಬರೆಯಬೇಕು, ಅದನ್ನು ಮೂರನೆಯವರಾರೋ ತಿದ್ದಬೇಕು. ಆ ದೇಶದಲ್ಲಿ ಬೆಂಬ, ನ್ಯಾಂಜ, ಟೋಂಗ, ಲೋಝಿ ಮೊದಲಾಗಿ ಎಪ್ಪತ್ತರಷ್ಟು ನುಡಿಗಳಿವೆಯೆಂದು ಎಣಿಕೆ. ಯಾವುದೊಂದನ್ನು ಆರಿಸಿದರೂ ಮಿಕ್ಕವರಿಗೆ ಅಸಮಾಧಾನವಾದೀತೆಂದು ಸ್ವಾತಂತ್ರ್ಯಾನಂತರ ಇಂಗ್ಲಿಷನ್ನೇ ಆಡಳಿತಕ್ಕೂ ಶಿಕ್ಷಣಕ್ಕೂ ಇಟ್ಟುಕೊಂಡರು. ನಮ್ಮ ದೇಶದ ಭಾಷಾ ಜಗಳಗಳನ್ನು ಬಲ್ಲ ನನಗೆ ಆ ನಿರ್ಧಾರ ಅರ್ಥವಾಗದಂಥದೇನಲ್ಲ. ಆದರೆ ಅದರ ಬೆಲೆಯನ್ನು ತೆರುತ್ತಿದ್ದವರು ಯಾರೆಂಬುದು ತರಗತಿಯಲ್ಲಿ ನಿಂತವನಿಗೆ ಮಾತ್ರ ಕಾಣುವಂತಿತ್ತು.

ಕಾಲೇಜಿನ ಆವರಣದಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಕೂಡದೆಂಬ ನಿಯಮವಿತ್ತು. ಮೀರಿದವನಿಗೆ ಅಂಗಳ ಗುಡಿಸುವ ಶಿಕ್ಷೆ. ಇಂಥ ನಿಯಮ ಆಫ್ರಿಕಕ್ಕೆ ಮೀಸಲಾದದ್ದೆಂದು ಯಾರೂ ತಿಳಿಯಬೇಕಾಗಿಲ್ಲ. ಕನ್ನಡ ಮಾತಾಡಿದ ಮಗುವಿಗೆ ದಂಡ ಹಾಕುವ ಶಾಲೆಗಳನ್ನು ನಾವು ಕನ್ನಡನಾಡಿನಲ್ಲಿಯೇ ಸಾಕಿಕೊಂಡಿದ್ದೇವೆ. ಅಲ್ಲಿ ನನಗೆ ಸೋಜಿಗವೆನಿಸಿದ್ದು ಬೇರೊಂದು. ಭಾನುವಾರ ಬೆಳಗ್ಗೆ ಪ್ರಾರ್ಥನಾಮಂದಿರದಲ್ಲಿ ಅದೇ ಹುಡುಗರು ಬೆಂಬ ನುಡಿಯಲ್ಲಿ ಕೀರ್ತನೆಗಳನ್ನು ಹಾಡುತ್ತಿದ್ದರು. ಯಾವ ವಾದ್ಯದ ನೆರವೂ ಇಲ್ಲದೆ ನಾಲ್ಕು ಬಗೆಯ ದನಿಗಳು ಕೂಡಿ ಏಳುವ ಆ ಹಾಡು ಕೇಳಿದರೆ ಮೈ ನವಿರೇಳುತ್ತಿತ್ತು. ವಾರವೆಲ್ಲ ತಡವರಿಸುತ್ತಿದ್ದ ಗಂಟಲುಗಳು ಇವೇ ಏನು ಎಂದು ಅಚ್ಚರಿಯಾಗುತ್ತಿತ್ತು. ದೇವರೊಡನೆ ತಾಯ್ನುಡಿಯಲ್ಲಿ ಮಾತಾಡಬಹುದಿತ್ತು; ಮೇಷ್ಟರೊಡನೆ ಕೂಡದು. ಧರ್ಮಪ್ರಚಾರಕ್ಕೆಂದು ಬಂದ ಹಳೆಯ ಪಾದ್ರಿಗಳು ಜನರ ಮಾತನ್ನು ಕಲಿತು ಅದರಲ್ಲಿ ಬೈಬಲ್ಲನ್ನು ಬರೆದರು. ಕಿಟೆಲ್ಲರು ಪಟ್ಟ ಶ್ರಮವೂ ಅದೇ ಜಾತಿಯದು. ಶಾಲೆಗೆ ಬಂದಾಗ ಮಾತ್ರ ಆ ತಿಳಿವಳಿಕೆಯನ್ನು ಬಾಗಿಲ ಹೊರಗೆ ಬಿಟ್ಟಂತಿತ್ತು.

ಹುಡುಗರೂ ಊರು ಬಿಟ್ಟು ಬಂದವರು ಎಂಬ ಸಣ್ಣ ಸಂಗತಿ ಇಲ್ಲಿ ಮುಖ್ಯವಾದದ್ದು. ನನ್ನ ಒಂದು ತರಗತಿಯಲ್ಲಿ ಪಶ್ಚಿಮದ ಕಡೆಯಿಂದ ಬಂದ ಹುಡುಗನೊಬ್ಬನಿದ್ದ. ಝಾಂಬೆಝಿ ನದಿಯ ವಿಶಾಲವಾದ ಬಯಲಿನವನು, ಲೋಝಿ ನುಡಿಯವನು. ಸುತ್ತಲಿದ್ದವರೆಲ್ಲ ಬೆಂಬ ಮಾತಿನವರು. ಅವನಿಗೆ ಇಂಗ್ಲಿಷೂ ಪರನುಡಿ, ಗುಟ್ಟಾಗಿ ಆಡುವ ನುಡಿಯೂ ಪರನುಡಿ. ತರಗತಿಯಲ್ಲಿ ಅವನು ಬಾಯಿಬಿಟ್ಟದ್ದನ್ನು ಯಾರೂ ಕೇಳಿರಲಿಲ್ಲ. ಅವನು ದಡ್ಡನೆಂದು ಉಳಿದ ಮೇಷ್ಟರು ತೀರ್ಮಾನ ಮಾಡಿದ್ದರು. ಒಮ್ಮೆ ‘ನನ್ನ ಮನೆ’ ಎಂಬ ವಿಷಯದ ಮೇಲೆ ಪ್ರಬಂಧ ಬರೆಯಲು ಹೇಳಿದೆ. ಅರ್ಧ ಪುಟ ಬರೆದಿದ್ದ. ತನಗೆ ಇರುವುದು ಎರಡು ಮನೆಗಳೆಂದೂ, ಒಂದು ನೀರಿನದು, ಇನ್ನೊಂದು ದಿನ್ನೆಯದೆಂದೂ, ಒಂದರಿಂದ ಒಂದಕ್ಕೆ ಹೋಗುವ ಹಬ್ಬದ ಹೆಸರು ‘ಕುಓಂಬೊಕ’ ಎಂದೂ ಅದರಲ್ಲಿತ್ತು. ಮುಂದಕ್ಕೆ ಇಂಗ್ಲಿಷ್ ಸಾಲದೆ ನಿಂತುಹೋಗಿದ್ದ.

ಕುಓಂಬೊಕ ಎಂದರೆ ನೀರಿನಿಂದ ಹೊರಗೆ ಬರುವುದು. ಮಳೆಗಾಲದ ಕೊನೆಗೆ ಝಾಂಬೆಝಿಯ ಬಯಲು ಸಮುದ್ರದಂತಾಗುತ್ತದೆ. ಆಗ ಲೋಝಿಗಳ ಅರಸ ಲಿಟುಂಗ ಬಯಲಿನ ಲೆಯಲುಯಿಯಿಂದ ದಿನ್ನೆಯ ಮೇಲಿನ ಲಿಮುಲುಂಗಕ್ಕೆ ನಲಿಕ್ವಾಂಡ ಎಂಬ ದೊಡ್ಡ ದೋಣಿಯಲ್ಲಿ ಪ್ರಯಾಣ ಹೊರಡುತ್ತಾನೆ. ಭೇರಿಗಳು ಮೊಳಗುತ್ತವೆ, ಹುಟ್ಟು ಹಾಕುವವರ ಸಾಲು ನಿಲ್ಲುತ್ತದೆ, ಹಿಂದಿನಿಂದ ಜನರೂ ಸಾಮಾನು ಸರಂಜಾಮುಗಳೊಡನೆ ದೋಣಿಯೇರುತ್ತಾರೆ. ನೀರಿಳಿದ ಮೇಲೆ ಮತ್ತೆ ಬಯಲಿಗೆ ಮರಳುತ್ತಾರೆ. ಮನೆ ಬಿಡುವುದನ್ನು ಹಬ್ಬವನ್ನಾಗಿ ಮಾಡಿಕೊಂಡ ಜನ ಅವರು. ನಾನು ಅವನನ್ನು ಎಬ್ಬಿಸಿ, ಆ ಒಂದು ಪದದ ಅರ್ಥವನ್ನು ತರಗತಿಗೆ ಹೇಳೆಂದೆ. ಮೊದಲು ಸುಮ್ಮನೆ ನಿಂತಿದ್ದ. ಆಮೇಲೆ ಕೈಯಲ್ಲಿ ನೀರಿನ ಮಟ್ಟವನ್ನು ತೋರಿಸಿದ. ಮೇಜಿನ ಮೇಲೆ ಬೆರಳಿನಿಂದ ಭೇರಿ ಬಾರಿಸಿದ. ಇಂಗ್ಲಿಷ್ ಪದಗಳು ಒಂದೊಂದಾಗಿ ಬಂದವು. ವ್ಯಾಕರಣ ಅಷ್ಟಕ್ಕಷ್ಟೆ. ಆದರೆ ಬೆಂಬ ಹುಡುಗರೆಲ್ಲ ಬಾಯಿ ತೆರೆದು ಕೇಳುತ್ತಿದ್ದರು, ಏಕೆಂದರೆ ಅವರಲ್ಲಿಯೂ ಹೆಚ್ಚಿನವರು ಅದನ್ನು ಕಂಡವರಲ್ಲ.

ಅವನು ಮುಗಿಸಿದ ಮೇಲೆ ಹುಡುಗರು, ‘ನಿಮ್ಮ ಊರಿನಲ್ಲಿ ನದಿ ಇದೆಯೆ?’ ಎಂದು ನನ್ನನ್ನು ಕೇಳಿದರು. ಹೋದ ಮೇಲೆ ಅಲ್ಲಿ ನನ್ನ ಊರನ್ನು ಕುರಿತು ಯಾರಾದರೂ ಕೇಳಿದ ಮೊದಲ ಪ್ರಶ್ನೆ ಅದು. ಕಪ್ಪು ಹಲಗೆಯ ಮೇಲೆ ಎರಡು ಗೆರೆ ಎಳೆದು, ಇದು ತುಂಗೆ, ಇದು ಭದ್ರೆ, ಇವು ಕೂಡುವ ಊರು ಕೂಡಲಿ ಎಂದು ತೋರಿಸಿದೆ. ಶಿವಮೊಗ್ಗದಲ್ಲಿ ಕೋರ್ಪಲಯ್ಯನ ಛತ್ರದ ಬಳಿ ತುಂಗೆಯ ಪಾತ್ರದಲ್ಲಿ ಒಂದು ಕಲ್ಲುಮಂಟಪವಿದೆ. ಅದು ಮುಳುಗಿತೆಂದರೆ ಹೊಳೆ ತುಂಬಿತೆಂದು ಲೆಕ್ಕ. ಊರಿಗೆ ಊರೇ ಸೇತುವೆಯ ಮೇಲೆ ನೋಡಲು ನೆರೆಯುತ್ತದೆ, ಹೊಳೆಗೆ ಬಾಗಿನ ಬಿಡುತ್ತಾರೆ ಎಂದು ಹೇಳಿದೆ. ‘ಬಾಗಿನ ಎಂದರೇನು?’ ಎಂಬ ಪ್ರಶ್ನೆ ಬಂದಿತು. ಇಂಗ್ಲಿಷಿನಲ್ಲಿ ಅದಕ್ಕೆ ಪದವಿರಲಿಲ್ಲ. ಕೈಯಿಂದ ಮೊರದ ಆಕಾರ ತೋರಿಸಿ, ಅರಿಸಿನ ಕುಂಕುಮಗಳನ್ನು ವಿವರಿಸಿ, ಹೊಳೆಯೂ ಒಬ್ಬ ಹೆಣ್ಣುಮಗಳೆಂದು ಹೇಳಬೇಕಾಯಿತು. ಆ ಗಳಿಗೆಯಲ್ಲಿ ನಾನೂ ಆ ಹುಡುಗನೂ ಒಂದೇ ಬೆಂಚಿನ ವಿದ್ಯಾರ್ಥಿಗಳಾಗಿದ್ದೆವು.

ಅಂದಿನಿಂದ ವಾರದಲ್ಲಿ ಒಂದು ಪಾಠವನ್ನು ಇದಕ್ಕಾಗಿಯೇ ಇಟ್ಟೆ. ಪ್ರತಿಯೊಬ್ಬನೂ ತನ್ನ ಮನೆಯಿಂದ ಒಂದು ಪದ ತರಬೇಕು. ಆ ಪದವನ್ನು ಬಲ್ಲದವರಿಗೆ ಇಂಗ್ಲಿಷಿನಲ್ಲಿ ತಿಳಿಯಹೇಳಬೇಕು. ಪದ ಮನೆಯದು, ದಾರಿ ಇಂಗ್ಲಿಷಿನದು. ಸೋರೆಬುರುಡೆಯ ಹೆಸರು, ಗೆದ್ದಲಿನ ಅಡುಗೆ, ಅಜ್ಜಿ ಮೊಮ್ಮಕ್ಕಳ ನಡುವಣ ಪರಿಹಾಸ್ಯ, ಸತ್ತವರ ಹೆಸರನ್ನು ಮಗುವಿಗೆ ಇಡುವ ಕ್ರಮ, ಎಲ್ಲ ಬಂದವು. ನಾನು ಪಕ್ಕದಲ್ಲಿ ಕನ್ನಡದ ಪದವನ್ನು ಬರೆಯುತ್ತಿದ್ದೆ. ನ್ಶೀಮದ ಎದುರಿಗೆ ಮುದ್ದೆಯೆಂದು ಬರೆದ ದಿನ ಇಡೀ ತರಗತಿಗೆ ಆ ಪದ ಬಾಯಿಪಾಠವಾಯಿತು. ಇದರಿಂದ ಕಾಗುಣಿತದ ತಪ್ಪುಗಳು ಕಡಮೆಯಾದವೆಂದು ನಾನು ಹೇಳಲಾರೆ. ಪ್ರಬಂಧಗಳು ಉದ್ದವಾದವು, ಅಷ್ಟು ನಿಜ. ಹೇಳುವುದು ಇದ್ದವನಿಗೆ ಹೇಳುವ ನುಡಿ ಹೇಗೋ ಕೈಗೆ ಬರುತ್ತದೆ. ಹೇಳುವುದಕ್ಕೇ ಅಪ್ಪಣೆಯಿಲ್ಲದವನಿಗೆ ವ್ಯಾಕರಣ ಎಷ್ಟು ಕಲಿಸಿದರೂ ವ್ಯರ್ಥ. ಕಾಲೇಜಿನ ಅಂಗಳದಲ್ಲಿ ಹಳೆಯ ನಿಯಮ ಹಾಗೆಯೇ ನಡೆಯಿತು. ನನ್ನ ಕೋಣೆಯೊಳಗೆ ಅದು ಸ್ವಲ್ಪ ಸಡಿಲವಾಯಿತು.

ಪರಸ್ಥಳದಲ್ಲಿ ಪಾಠ ಹೇಳುವುದು ಆ ದೇಶಕ್ಕೆ ಹೊಸದೇನೂ ಅಲ್ಲವೆಂಬುದು ನನಗೆ ಆಮೇಲೆ ತಿಳಿಯಿತು. ಆಗ ಅಲ್ಲಿ ಅಧ್ಯಕ್ಷರಾಗಿದ್ದ ಕೆನೆತ್ ಕೌಂಡ ಅವರು ಸ್ವತಃ ಶಾಲಾ ಮೇಷ್ಟರಾಗಿದ್ದವರು, ಗಾಂಧೀಜಿಯವರನ್ನು ಬಹಳವಾಗಿ ಮೆಚ್ಚಿದವರು. ಅವರ ತಂದೆ ಡೇವಿಡ್ ಕೌಂಡ ನೆರೆಯ ನ್ಯಾಸಾಲೆಂಡಿನಿಂದ, ಎಂದರೆ ಇಂದಿನ ಮಲಾವಿಯಿಂದ, ಮಿಷನ್ನಿನ ಪರವಾಗಿ ಬೆಂಬ ಜನರ ನಡುವೆ ಬಂದು ಲುಬ್ವ ಎಂಬಲ್ಲಿ ಪಾಠ ಹೇಳಿದವರು. ಪರನಾಡಿನಲ್ಲಿ ಪಾಠ ಹೇಳಿದ ಮೇಷ್ಟರ ಮಗನೇ ಆ ನಾಡಿನ ಮೊದಲ ಅಧ್ಯಕ್ಷನಾದ. ಪೂರ್ವದ ಕೀನ್ಯಾದಲ್ಲಿ ಮಿಷನ್ನಿನ ಶಾಲೆಯಲ್ಲಿ ಓದಿ, ಇಂಗ್ಲಿಷಿನಲ್ಲಿ ಕಾದಂಬರಿ ಬರೆದು ಹೆಸರಾದ ಗೂಗಿ ವಾ ಥಿಯಾಂಗೊ ಅವರು ನಾನು ಅಲ್ಲಿದ್ದ ಆ ವರ್ಷಗಳಲ್ಲಿಯೇ ತಮ್ಮ ಗಿಕೂಯು ನುಡಿಗೆ ಹಿಂದಿರುಗಿದರು. ಅವರ ನಿರ್ಧಾರದ ಸುದ್ದಿ ನಮ್ಮ ಮೇಷ್ಟರ ಕೋಣೆಯಲ್ಲಿ ದೊಡ್ಡ ಚರ್ಚೆಯನ್ನೆಬ್ಬಿಸಿತು. ಕನ್ನಡಿಗನಾದ ನನಗೆ ಅದರಲ್ಲಿ ಆಶ್ಚರ್ಯವೆನಿಸಲಿಲ್ಲ. ಇಂಗ್ಲಿಷ್ ಕಲಿಸುತ್ತಲೇ ಕನ್ನಡಕ್ಕೆ ಹೊಸ ಹಾಡು ತಂದ ಬಿ.ಎಂ.ಶ್ರೀಯವರ ಪರಂಪರೆ ನಮಗೆ ಇತ್ತಷ್ಟೆ.

ನಮ್ಮ ಜಿಲ್ಲೆಯವರದೇ ಉದಾಹರಣೆ ಬೇಕೆಂದರೆ ಯು.ಆರ್. ಅನಂತಮೂರ್ತಿಯವರಿದ್ದಾರೆ. ತೀರ್ಥಹಳ್ಳಿ ಸೀಮೆಯ ಮೇಳಿಗೆಯಲ್ಲಿ ಹುಟ್ಟಿ, ಮೈಸೂರಿನಲ್ಲಿ ಓದಿ, ಇಂಗ್ಲಿಷ್ ಅಧ್ಯಾಪಕರಾಗಿದ್ದ ಅವರು ಸಂಶೋಧನೆಗಾಗಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ ಹೋದರು. ಅದೂ ಕಬ್ಬಿಣ ಉಕ್ಕಿನ ಕೆಲಸಕ್ಕೆ ಹೆಸರಾದ ಊರು. ಸ್ವೀಡನ್ನಿನ ಬರ್ಗ್‌ಮನ್ನನ ಒಂದು ಚಲನಚಿತ್ರವನ್ನು ಅಲ್ಲಿ ನೋಡಿದ್ದು ಮನಸ್ಸನ್ನು ಕಲಕಿತೆಂದು ಅವರೇ ಹೇಳಿದ್ದುಂಟು. ಆ ಚಿತ್ರದ ಮಧ್ಯಯುಗ ಯುರೋಪಿಗೆ ಮುಗಿದ ಕಥೆ. ಅವರು ಬಿಟ್ಟುಬಂದ ಅಗ್ರಹಾರದಲ್ಲಿ ಅದು ಇನ್ನೂ ಬದುಕಿತ್ತು. 1965ರಲ್ಲಿ ‘ಸಂಸ್ಕಾರ’ ಹೊರಬಂದಿತು. ಇಂಗ್ಲಿಷ್ ಪ್ರಬಂಧಕ್ಕೆಂದು ಹೋದವರ ಕೈಯಿಂದ, ಸುತ್ತ ಕನ್ನಡ ಕೇಳದ ಊರಿನಲ್ಲಿ, ತುಂಗೆಯ ದಡದ ಕನ್ನಡ ಕಾದಂಬರಿ ಬಂದದ್ದನ್ನು ಯೋಚಿಸಬೇಕು. ಅವರ ಹಂಬಲ ಊರನ್ನು ಮುದ್ದಿಸುವ ಹಂಬಲವಾಗಿರಲಿಲ್ಲ. ಊರಿನ ಹೆಣ ಕೊಳೆಯುತ್ತಿರುವುದನ್ನೂ ಅದು ಕಂಡಿತು. ಮುಂದೆ 1970ರಲ್ಲಿ ಅದು ಚಲನಚಿತ್ರವಾದಾಗ ನಾರಣಪ್ಪನ ಪಾತ್ರ ವಹಿಸಿದವರು, ಸಹ್ಯಾದ್ರಿ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದ್ದ ಅದೇ ಲಂಕೇಶರು.

‘ಸಂಸ್ಕಾರ’ವನ್ನು ಇಂಗ್ಲಿಷಿಗೆ ತಂದವರು ಇನ್ನೊಬ್ಬ ಇಂಗ್ಲಿಷ್ ಮೇಷ್ಟರು, ಮೈಸೂರಿನ ಎ.ಕೆ. ರಾಮಾನುಜನ್. ಬೆಳಗಾವಿ, ಬರೋಡಗಳಲ್ಲಿ ಇಂಗ್ಲಿಷ್ ಕಲಿಸಿ, 1959ರಲ್ಲಿ ಅಮೆರಿಕಕ್ಕೆ ಹೋಗಿ, ಶಿಕಾಗೊ ವಿಶ್ವವಿದ್ಯಾಲಯದಲ್ಲಿ ನೆಲೆನಿಂತರು. ಅಲ್ಲಿನ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಅವರ ಕೈಗೆ ಹಳೆಯ ತಮಿಳು ಕವಿತೆಗಳು ಸಿಕ್ಕವು. ಸ್ವಂತದ್ದನ್ನು ಕಾಣಲು ಅಷ್ಟು ದೂರ ಹೋಗಬೇಕಾಯಿತು. 1969ರಲ್ಲಿ ಅವರ ಕನ್ನಡ ಕವಿತೆಗಳ ‘ಹೊಕ್ಕುಳಲ್ಲಿ ಹೂವಿಲ್ಲ’ ಬಂದಿತು. 1973ರಲ್ಲಿ ವಚನಗಳ ಇಂಗ್ಲಿಷ್ ಅನುವಾದ ‘ಸ್ಪೀಕಿಂಗ್ ಆಫ್ ಶಿವ’. ಅದರಲ್ಲಿರುವ ನಾಲ್ವರು ವಚನಕಾರರಲ್ಲಿ ಇಬ್ಬರು ನಮ್ಮ ಜಿಲ್ಲೆಯವರು. ಅಲ್ಲಮಪ್ರಭು ಬಳ್ಳಿಗಾವಿಯವರು, ಅಕ್ಕಮಹಾದೇವಿ ಉಡುತಡಿಯವಳು. ಇಬ್ಬರೂ ಊರು ಬಿಟ್ಟು ಕಲ್ಯಾಣಕ್ಕೆ ನಡೆದವರು. ನಾನು ಝಾಂಬಿಯಾಕ್ಕೆ ಒಯ್ದಿದ್ದ ಕೆಲವೇ ಪುಸ್ತಕಗಳಲ್ಲಿ ಅದೂ ಒಂದು. ಇಂಗ್ಲಿಷಿನಲ್ಲಿ ಓದುತ್ತಿದ್ದಾಗ ಒಳಗೆ ಕನ್ನಡ ಕೇಳಿಸುತ್ತಿತ್ತು. ಇಂಗ್ಲಿಷಿಗೆ ಇಂಥ ಉಪಯೋಗವೂ ಉಂಟೆಂಬುದನ್ನು ನಾನು ಆ ಪುಸ್ತಕದಿಂದ ತಿಳಿದೆ.

ಹಂಬಲವನ್ನು ಇಷ್ಟು ಹೊಗಳಿದ ಮೇಲೆ ಅದರ ಅಪಾಯವನ್ನೂ ಹೇಳಬೇಕು. ಹಂಬಲ ಊರನ್ನು ಬಿಟ್ಟುಬಂದ ದಿನದಲ್ಲಿಯೇ ನಿಲ್ಲಿಸಿಬಿಡುತ್ತದೆ. ಊರು ನಿಲ್ಲುವುದಿಲ್ಲ. ನಾನು 1982ರಲ್ಲಿ ಮರಳಿದಾಗ ವಠಾರದ ಆ ತಮಿಳು ಮುದುಕರು ತೀರಿಕೊಂಡಿದ್ದರು. ಆಮೇಲೆ ನನ್ನ ಕಣ್ಣೆದುರಿಗೇ ಊರು ಇನ್ನೂ ಬದಲಾಯಿತು. ಕಾಗದದ ಕಾರ್ಖಾನೆಯ ಯಂತ್ರಗಳು 2015ರಲ್ಲಿ ಸ್ತಬ್ಧವಾದವು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಮೊದಲಲ್ಲಿ ಹೊರಬಿದ್ದು, ಗುತ್ತಿಗೆ ಕಾರ್ಮಿಕರು ದೀರ್ಘಕಾಲ ಧರಣಿ ಕುಳಿತರು; ಬಳಿಕ ಅಲ್ಲೊಂದು ವಿಭಾಗ ಮತ್ತೆ ಉಸಿರಾಡಿದ್ದೂ ಉಂಟು. ಮರದ ಇದ್ದಿಲಿನಿಂದ ಶುರುವಾದ ಆ ಕಾರ್ಖಾನೆ ನೂರು ವರ್ಷ ತುಂಬಿದ ಹೊತ್ತಿಗೆ ಬಂದು ನಿಂತದ್ದು ಅಲ್ಲಿಗೆ. ಕೆಲಸ ಹುಡುಕಿ ಬಂದವರ ಊರಿನಿಂದ ಈಗ ಮಕ್ಕಳು ಕೆಲಸ ಹುಡುಕಿ ಹೊರಗೆ ಹೋಗುತ್ತಿದ್ದಾರೆ. ಅವರು ಹಂಬಲಿಸುವ ಊರಿನಲ್ಲಿ ಸೈರನ್ ಇರುತ್ತದೆ; ಅವರ ತಾಯಿತಂದೆಯರು ಇರುವ ಊರಿನಲ್ಲಿ ಅದು ಹಾಗಿಲ್ಲ.

ಮರಳುವುದಕ್ಕೆ ಊರೇ ಉಳಿಯದವರ ಮಾತನ್ನೂ ಮರೆಯುವಂತಿಲ್ಲ. ಶರಾವತಿಗೆ ಲಿಂಗನಮಕ್ಕಿಯಲ್ಲಿ 1964ರಲ್ಲಿ ಅಣೆಕಟ್ಟು ಸಿದ್ಧವಾದಾಗ ಮನೆ, ತೋಟ, ದೇವಸ್ಥಾನಗಳು ನೀರಿನ ಕೆಳಗೆ ಹೋದವು. ಅಲ್ಲಿಂದ ಎದ್ದು ಬಂದ ಕುಟುಂಬಗಳು ಶಿವಮೊಗ್ಗ ಜಿಲ್ಲೆಯ ಕಾಡಂಚುಗಳಲ್ಲಿ ನೆಲೆ ಕಂಡು, ಆ ನೆಲದ ಹಕ್ಕಿಗಾಗಿ ದಶಕಗಳ ಕಾಲ ಅಲೆದವು. ಸಾಗರದ ನಾ. ಡಿಸೋಜ ಅವರು ಈ ಮುಳುಗಡೆಯ ಬದುಕನ್ನು ಕಾದಂಬರಿಗಳಲ್ಲಿ ಬರೆದರು. ಲೋಝಿಗಳ ಹಬ್ಬದಲ್ಲಿ ನೀರು ಇಳಿಯುತ್ತದೆ, ಜನ ಮರಳುತ್ತಾರೆ. ಇವರ ನೀರು ಇಳಿಯುವಂಥದಲ್ಲ. ನನ್ನಂಥವನು ಸಂಬಳಕ್ಕಾಗಿ ಒಪ್ಪಂದದ ಮೇಲೆ ಹೋಗಿ, ವಿಮಾನದಲ್ಲಿ ಮರಳಿ, ಆ ಮೇಲೆ ಹಂಬಲವನ್ನು ಕುರಿತು ಭಾಷಣ ಮಾಡಬಹುದು. ಯಾರ ಬೆಳಕಿಗಾಗಿಯೋ ಊರು ಬಿಟ್ಟವರ ಹಂಬಲದ ಎದುರಿಗೆ ನನ್ನದು ಚಿಕ್ಕದು. ಅದನ್ನು ತಿಳಿದೇ ಮಾತಾಡಬೇಕು.

ಇಂದು ಶಿವಮೊಗ್ಗ, ಭದ್ರಾವತಿಗಳ ಎಷ್ಟು ಮನೆಗಳಲ್ಲಿ ಮಕ್ಕಳು ಹೊರದೇಶದಲ್ಲಿಲ್ಲ? ಅವರಿಗೆ ಕಾಗದದ ಕಾಯುವಿಕೆಯಿಲ್ಲ. ಕೈಯೊಳಗಿನ ಯಂತ್ರದಲ್ಲಿ ಅಮ್ಮನ ಮುಖವೇ ಕಾಣುತ್ತದೆ. ಅಷ್ಟರಿಂದ ಹಂಬಲ ತೀರಿತೆಂದು ಯಾರೂ ಭಾವಿಸಬಾರದು. ಮುಖ ಕಂಡಷ್ಟೂ ಅದು ಹೆಚ್ಚುವುದೆಂದು ಅವರನ್ನು ಕೇಳಿದರೆ ತಿಳಿದೀತು. ಆ ಮಕ್ಕಳಿಗೆ ಹೇಳಬೇಕಾದ ಮಾತು ಒಂದೇ. ಅದನ್ನು ರೋಗವೆಂದು ಅಡಗಿಸಬೇಡಿ, ಪಕ್ಕದಲ್ಲಿರುವವನ ಊರು ಯಾವುದೆಂದು ಕೇಳಲು ಅದನ್ನು ಬಳಸಿಕೊಳ್ಳಿ. ನಮ್ಮಲ್ಲಿ ಇಂಗ್ಲಿಷ್ ಕಲಿಸುತ್ತಿರುವ ಮೇಷ್ಟರಿಗೂ ಅದೇ ಮಾತು. ಹೊಸನಗರದ ಕಾಡಿನಿಂದಲೋ, ಲಂಬಾಣಿ ತಾಂಡಾದಿಂದಲೋ, ಭದ್ರಾವತಿಯ ತಮಿಳು ಕೇರಿಯಿಂದಲೋ ಬಂದು ಹಿಂದಿನ ಬೆಂಚಿನಲ್ಲಿ ಮಾತಿಲ್ಲದೆ ಕುಳಿತ ಮಗುವನ್ನು ಎಬ್ಬಿಸಿ, ‘ಇದಕ್ಕೆ ನಿಮ್ಮ ಮನೆಯಲ್ಲಿ ಏನೆನ್ನುತ್ತಾರೆ?’ ಎಂದು ಒಮ್ಮೆ ಕೇಳಿ ನೋಡಬೇಕು. ಉತ್ತರಕ್ಕೆ ಸ್ವಲ್ಪ ಕಾಯಬೇಕಾಗಬಹುದು. ಕಾಯುವುದೂ ಪಾಠದ ಒಂದು ಭಾಗವೇ.